ಹಾರ್ನಿನ ಫ್ಯೂಸು

ಅಣ್ಣಿಗೇರಿ ದಾಟಿ ಒಳದಾರಿ ಹಿಡಿದದ್ದು ನನ್ನ ತಪ್ಪು.
ಎರಿ ಮಣ್ಣು ಹಿಂದಿನ ಗಾಲಿಯನ್ನ
ಎಲಿ-ಅಡಕಿಯಂಗ ಅಗೀಲಿಕ್ಕೆ ಹತ್ತಿತ್ತು,
ಅದರ ಮ್ಯಾಲ ಎರಡೂ ಲೈಟು ಒಮ್ಮಿಗೇ ಹೋದ್ವು.

ಗುದ್ನೆಪ್ಪ ಸ್ಟೇರಿಂಗ್ ಕೆಳಗ ಅಂಗಾತ ಬಿದ್ದು
ಫ್ಯೂಸು ಒಂದೊಂದ ಕಿತ್ತು ನನ್ನ ಅಂಗೈಗೆ ಹಾಕಿದ.
ಮೊಬೈಲ್ ಬೆಳಕಿಗೆ ಹಿಡಿದು ನೋಡಿದೆ:
ಕೆಂಪು, ಎಳಿ ಐತಿ. ಹಳದಿ, ಐತಿ.
ನೀಲಿ...
ಒಳಗ ಕರಿ ಚುಕ್ಕಿ. ಕೂದಲೆಳಿಯಷ್ಟು ತಂತಿ ಹರದೈತಿ.

"ಸಿಗರೇಟಿನ ಬೆಳ್ಳಿಕಾಗದ ಸುತ್ತೂಣೇನು?" ಅಂದೆ.
"ಸುತ್ತು. ಹಿಂದ ನೂರಾ ಹತ್ತು ಬೆಟಗೇರಿ ಸೀರಿ ಅದಾವು,
ಎಲ್ಲಾ ಕೂಡೇ ಬೆಳಕ ಕೊಡ್ತಾವು."
ಹಾರ್ನಿನ ಫ್ಯೂಸು ಕಿತ್ತು ಲೈಟಿಗೆ ಕೊಟ್ಟ.

ಗಂಟಿನ ಗೋಣಿತಟ್ಟು ಬಿಚ್ಚಿ ಗಾಲಿಗೆ ಹಾಸಿದ್ವಿ,
ಬದುವಿನ ಹತ್ತಿಕಟಗಿ ತಂದು ತುರುಕಿದ್ವಿ.
ಯಾರ ಹೊಲವೋ, ಯಾರ ಒಲಿಗೆ ಇಟ್ಟದ್ದೋ.
ನಾನು ಕಲ್ಲಡಿ ಹತ್ತರ ನೋಟು ಇಡೂ ಮುಂದ
ಗುದ್ನೆಪ್ಪ ನಕ್ಕ. ಆಮ್ಯಾಲ ತಾನೂ ಒಂದ ಇಟ್ಟ.

ಎರಡನೇ ಗೇರಿನ್ಯಾಗ, ಸಾವಕಾಶ,
ಹಿಂದ ಮುಂದ, ಹಿಂದ ಮುಂದ,
ಗಾಡಿ ಕೆಮ್ಮಿ ಎದ್ದು ಬಂತು.

ಮುಂಜಾನೆ ಹುಬ್ಬಳ್ಳಿ, ಚೆನ್ನಮ್ಮ ಸರ್ಕಲ್.
ಹಾರ್ನಿಲ್ಲ.
ಮೊಣಕಾಲತನಕ ಕೆಸರು ಒಣಗಿದ ಗುದ್ನೆಪ್ಪ
ಕಿಟಕಿಯಿಂದ ಅರ್ಧ ಹೊರಗ ಬಂದು
"ಸರೀರಿ ಯಕ್ಕಾ, ಸರೀರಿ ಯಣ್ಣಾ" ಅಂತ ಒದರಿದ.
ಜನ ಸರದ್ರು.
ಆಟೋದಾಂವ ಒಬ್ಬ ಮಾತ್ರ ಗಾಲಿ ನೋಡಿ
"ಎಲ್ಲಿ ಹುಗದಿತ್ತರಿ?" ಅಂದ.