ಹೋಲ್ಡಾನ್

ಇದಕ್ಕೆ ಲೈಸೆನ್ಸು ಬೇಡ, ಅಂದಳು ಹುಡುಗಿ.
ಆ ಒಂದು ಮಾತಿಗೇ ಸಾವಿರದಿನ್ನೂರು ಕೊಟ್ಟೆ.

ನನ್ನದು ಹೋದ ವರ್ಷ ಮುಗಿಯಿತು.
ಕಣ್ಣು ತೋರಿಸಿ ಬನ್ನಿ ಅಂದರು, ತೋರಿಸಿದೆ.
ಎಡಗಣ್ಣಿಗೆ ಪೊರೆ, ಬಲಗಣ್ಣಿಗೆ ಅದಕ್ಕಿಂತ ಕೆಟ್ಟದ್ದೇನೋ,
ಡಾಕ್ಟರು ಹೆಸರು ಹೇಳಿದರು, ನೆನಪಿಟ್ಟುಕೊಳ್ಳಲಿಲ್ಲ.
ಇಪ್ಪತ್ತೆಂಟು ವರ್ಷ ತೀರ್ಥಹಳ್ಳಿ, ಕುಂದಾಪುರ,
ದಿನಕ್ಕೆ ಎರಡು ಸಲ ಘಾಟಿ,
ಒಂದು ಕೋಳಿಗೂ ಗಾಡಿ ತಾಗಿಸಿದವನಲ್ಲ.
ಸರಿ, ಒಂದು ಕೋಳಿ ಇದೆ. ಹೊಸಂಗಡಿಯಲ್ಲಿ. ದುಡ್ಡು ಕೊಟ್ಟಿದ್ದೇನೆ.

ಯಡೂರಿನಿಂದಾಚೆ, ಹುಲ್ಲುಗುಡ್ಡದ ಬುಡದಲ್ಲಿ
ಸಾಲಾಗಿ ನಿಂತಿದ್ದವು ಆರು,
ದಪ್ಪ ಗಾಲಿ, ಕುಳ್ಳು, ಮೈತುಂಬ ಕೆಸರು,
ಹೊಂಡಕ್ಕೆ ಬಿದ್ದೆದ್ದ ಎಮ್ಮೆಕರುಗಳ ಹಾಗೆ.
ಸ್ಟೇರಿಂಗಿಲ್ಲ, ಕ್ಲಚ್ಚಿಲ್ಲ,
ಹೆಬ್ಬೆರಳಲ್ಲಿ ಒತ್ತಿದರೆ ಹೋಗುತ್ತದಂತೆ.
ಸಂಬಳಕ್ಕೆ ಹೆಬ್ಬೆಟ್ಟು ಒತ್ತುವವರಿದ್ದರು ನಮ್ಮ ಗ್ಯಾರೇಜಿನಲ್ಲಿ,
ಬದುಕಿದ್ದರೆ ಎಲ್ಲರೂ ಇದಕ್ಕೆ ಡ್ರೈವರುಗಳೇ.

ಹಿಂದಿನ ಸೀಟಿಗೆ ಇನಾಸ.
ಎಪ್ಪತ್ತೊಂದು. ಮೊಣಕಾಲಿಗೆ ಪಟ್ಟಿ.
ಕಂಕುಳಲ್ಲಿ ಚರ್ಮದ ಚೀಲವಿಲ್ಲದೆ
ಎಡಗೈ ಎಲ್ಲಿಡಬೇಕೆಂದು ಇವತ್ತಿಗೂ ತಿಳಿಯದವನು.
ಹತ್ತಿ ಕೂತು, ನನ್ನ ಹೆಲ್ಮೆಟ್ಟಿಗೆ ಎರಡು ಸಲ ಕುಟ್ಟಿ ಅಂದ:
ರೈಟ್.

ಹುಡುಗಿಗೆ ಹೊಳೆಯ ಹೆಸರು, ಸೌಪರ್ಣಿಕಾ.
ಗಂಬೂಟು. ಕೊರಳಲ್ಲೊಂದು ಸೀಟಿ, ಇನಾಸನ ಕಣ್ಣು ಅದರ ಮೇಲೆ.
"ನನ್ನ ಹಿಂದೇ ಬರಬೇಕು ಅಜ್ಜ, ಓವರ್‌ಟೇಕ್ ಮಾಡಬಾರದು.
ಕೈ ಎತ್ತಿದರೆ ನಿಲ್ಲಬೇಕು."
ಇನಾಸನ ನಗು ನನ್ನ ಬೆನ್ನಿಗೆ ತಾಗಿತು.
ಹೂಂ ಅಂದೆ. ಅವಳ ಜಾಕೀಟು ಕಿತ್ತಳೆ,
ನನಗೆ ಕಾಣುವ ಬಣ್ಣ. ಅಷ್ಟು ಸಾಕಿತ್ತು.

ಮೊದಲ ಇಳಿಜಾರಿಗೇ ಎಡಗೈ ಇಲ್ಲದ ಗೇರು ಹುಡುಕಿತು.
ಚರಲು, ಮಳೆ ಕೊರೆದ ಚಡಿ, ಒಂದು ಹಳ್ಳ;
ನೀರು ಎದೆಗೆ ಹಾರಿದಾಗ ಇನಾಸ ಕೊಂಕಣಿಯಲ್ಲಿ
ಯಾವುದೋ ಸಂತನನ್ನು ಕರೆದ.
ಕುರುಚಲು ನೆಲ್ಲಿ, ಕೌಲು,
ಆಮೇಲೆ ಮರವೇ ಇಲ್ಲ, ಬರೀ ಹುಲ್ಲು,
ಗಾಳಿ ಅದನ್ನು ಒಂದೇ ಕಡೆಗೆ ಬಾಚುತ್ತಿತ್ತು.
ತಿರುವು ತಿರುವಿಗೂ ಹಿಂದಿನಿಂದ ಕೂಗು:
ಮಾಸ್ತಿಕಟ್ಟೆ, ಹುಲಿಕಲ್, ಸಿದ್ದಾಪುರ,
ಯಾರ್ರೀ ಇಳಿಯೋರು?

ನೆತ್ತಿಯಲ್ಲಿ ಅವಳು ಕೈ ಎತ್ತಿದಳು. ನಿಂತೆ.
ಇಂಜಿನ್ನು ಆರಿಸಿದ ಮೇಲೆ ಕಿವಿಗೆ ಬಂದದ್ದೇನೆಂದು
ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು: ಏನೂ ಇಲ್ಲದ್ದು.
"ನೋಡಿ ಅಜ್ಜ, ಕಣಿವೆ. ಆಚೆ ಬದಿ ಗೀರಿನ ಹಾಗೆ ಕಾಣೋದು ಘಾಟಿ ರೋಡು."

ನನಗೆ ಕಂಡದ್ದು ಹಸಿರು, ಅದರ ಹಿಂದೆ ನೀಲಿ,
ಕುಂಚ ತೊಳೆದ ನೀರಿನ ಹಾಗೆ ಒಂದರೊಳಗೊಂದು.
ಇನಾಸ ಸುಮ್ಮನಿದ್ದ. ಆಮೇಲೆ, ಮೆಲ್ಲಗೆ,
"ಚಂದಯ್ಯಾ, ಇದು ಇಲ್ಲೇ ಇತ್ತಾ?"

ಇತ್ತು ಮಾರಾಯ. ಇದರ ಅಂಚಿನಲ್ಲೇ ಹೋದೆವು,
ನಾನು ತಿರುವು ನೋಡುತ್ತಾ,
ನೀನು ಚಿಲ್ಲರೆ ಎಣಿಸುತ್ತಾ.
ನೋಡಿದವರು ಕಿಟಕಿ ಸೀಟಿನವರು,
ಅವರಲ್ಲೂ ಅರ್ಧ ಜನ ವಾಂತಿಗೆ ಬಗ್ಗಿದ್ದರು.

ಆಗ ಕೇಳಿಸಿತು. ಆಚೆ ಗೋಡೆಯಲ್ಲಿ ಏರುವ ಬಸ್ಸು.
ಹುಡುಗಿಗೆ ಕೇಳಲಿಲ್ಲ.
ಮೂರನೇ ಗೇರು. ಇನ್ನೂ ಮೂರನೇ ಗೇರು.
ಎರಡಕ್ಕೆ ಇಳಿಸೋ, ಮುಂದೆ ಹೇರ್‌ಪಿನ್ನು, ಇಳಿಸೋ,
ನನ್ನ ಎಡಗೈ ಗಾಳಿಯಲ್ಲಿ ತಾನಾಗಿ ಎಳೆಯಿತು,
ಅಲ್ಲಿ, ಅಷ್ಟು ದೂರದಲ್ಲಿ, ಇಂಜಿನ್ನು ಉಸಿರು ಬದಲಿಸಿತು.
"ಹೊಸ ಹುಡುಗ," ಅಂದೆ. "ಕಲೀತಾನೆ."
"ಮೇಲೆ ಮಂಚ ಕಟ್ಟಿದ್ದಾರೆ," ಇನಾಸ ಕಣ್ಣು ಕಿರಿದು ಮಾಡಿ ಅಂದ,
"ಲಗೇಜು ಟಿಕೆಟ್ಟು ಹರಿದಿರಲಿಕ್ಕಿಲ್ಲ."

ಇಳಿಯುವಾಗ ಅವಳು ಒಮ್ಮೆ ತಿರುಗಿ ನೋಡಿದಳು,
ಆಮೇಲೆ ನೋಡಲಿಲ್ಲ. ಗೊತ್ತಾಯಿತು ನನಗೆ.
ಹುಲ್ಲು ಮುಗಿಯುವಲ್ಲಿ, ಹಳ್ಳಕ್ಕಿಂತ ಸ್ವಲ್ಪ ಮೇಲೆ,
ಹೆಲ್ಮೆಟ್ಟಿಗೆ ಒಂದೇ ಸಲ ಕುಟ್ಟಿದ ಸದ್ದು.
ಹೋಲ್ಡಾನ್.

ಕೈ ತಾನಾಗಿ ಬ್ರೇಕು ಹಿಡಿಯಿತು. ಏನೋ, ಏನಾಯ್ತು?
"ಏನಿಲ್ಲ. ಯಾರೋ ಓಡಿ ಬಂದ ಹಾಗಾಯ್ತು."

ಕಿತ್ತಳೆ ಬಣ್ಣ ಕೆಳಗೆ ದೂರವಾಗಿ, ಆಮೇಲೆ ಅದೂ ನಿಂತಿತು.
ಇಂಜಿನ್ನು ಆರಿಸಲಿಲ್ಲ ನಾನು.
ಕಾದೆವು.