ಪುಟ ಏಳು, ಕಲಂ ಮೂರು

ಜೂನ್ ಮೂವತ್ತರ ನಡುರಾತ್ರಿ
ಯಂತ್ರ ತಾನಾಗಿಯೇ ಮಾಡಿ ಮುಗಿಸುವ ಕೆಲಸ ಅದು;
ನಾನು ಬರೀ ಪಟ್ಟಿ ಕಳಿಸಿದವನು.
ಹದಿನಾಲ್ಕು ಹೆಸರು. ಒಂಬತ್ತನೆಯದು
ಲ್ಯೂಬಾ ವೊರಾಬೆಟ್ಸ್: ಹುಲ್ಲಿನ ಬೇರುಗಳ ಮೇಲೆ ಮೂವತ್ತಾರು ವರ್ಷ.

ಜನವರಿಯಲ್ಲಿ ಬಂದರು.
ಸಸ್ಕಟೂನಿನ ಮೈನಸ್ ಮೂವತ್ತೊಂದು,
ಹುಬ್ಬಿನ ಮೇಲೆ ಹಿಮದ ಹುಡಿ,
ಒಳಗೆ ಕಾಲಿಟ್ಟೊಡನೆ ಕನ್ನಡಕ ಕುರುಡು.
ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸಲೀಸಾಗುತ್ತಿತ್ತು.
"ನನ್ನದೇ ಲೇಖನ," ಅಂದರು, "ತೊಂಬತ್ತೊಂದರದ್ದು.
ಒಂದು ಕೋಷ್ಟಕ ನೋಡಬೇಕಿತ್ತು.
ಒತ್ತಿದರೆ ನಲವತ್ತೆರಡು ಡಾಲರ್ ಕೇಳುತ್ತದೆ,
ಅದೂ ಒಂದೇ ದಿನಕ್ಕೆ.
ಆ ಕೋಷ್ಟಕಕ್ಕಾಗಿ ಏಳು ಬೇಸಿಗೆ
ಮಂಡಿಯೂರಿ ಮಣ್ಣು ಕೆದಕಿದ್ದೆ."

ಒಪ್ಪಂದ ತೆಗೆದು ತೋರಿಸಿದೆ. ಪುಟ ಏಳು, ಕಲಂ ಮೂರು:
ಅಧಿಕೃತ ಓದುಗರೆಂದರೆ ಬೋಧಕರು, ವಿದ್ಯಾರ್ಥಿಗಳು,
ಸಂಬಳದ ಸಿಬ್ಬಂದಿ.
ನಿವೃತ್ತರು ಎಂಬ ಪದ ಅಲ್ಲಿಲ್ಲ.
ಬೇಡವೆಂದು ಹೊಡೆದುಹಾಕಿದ ಗುರುತೂ ಇಲ್ಲ.
ಬರೆದವರಿಗೆ ನೆನಪಾಗಿರಲಿಕ್ಕಿಲ್ಲ,
ಅಥವಾ ನೆನಪಾಗಿ, ತಲೆಗೆ ಇಷ್ಟೆಂದು ಲೆಕ್ಕ ಹಾಕಿ
ಯಾರೋ ಹಾಳೆ ತಿರುವಿರಬೇಕು.
ಆ ಯಾರೋ ನಮ್ಮವರೇ ಇದ್ದಾರು.
ಸಹಿ ನಮ್ಮದೂ ಇದೆ ಕೆಳಗೆ.

ಗೌರವ ಪ್ರಾಧ್ಯಾಪಕಿ ಎಂಬ ಬಿರುದು ಉಳಿದಿದೆ,
ಈಜುಕೊಳಕ್ಕೆ ರಿಯಾಯಿತಿಯೂ.
ಕಾಗದದ ಸಂಪುಟ?
ಜಾಗ ಸಾಲದೆಂದು ತೂಕಕ್ಕೆ ಹಾಕಿದ ವರ್ಷ
ಸಮಿತಿಯಲ್ಲಿ ಅವರೂ ಇದ್ದರು.
"ಕೈ ಎತ್ತಿದ್ದೆ," ಅಂದರು, ಅದೇ ಕೈಯಿಂದ ಕನ್ನಡಕ ಒರೆಸುತ್ತ.

ಕಲಮಿನ ಬಾಲದಲ್ಲೊಂದು ಕಿಂಡಿಯಿದೆ:
ಕಟ್ಟಡದೊಳಗೆ ನಡೆದು ಬಂದವರು ಯಾರಾದರೂ
ಕೂತು ಓದಬಹುದು.
ಹಾಗಾಗಿ ಮಂಗಳವಾರ, ಎರಡು ಬಸ್ಸು ಬದಲಿಸಿ,
ಜೆರಾಕ್ಸ್ ಯಂತ್ರದ ಪಕ್ಕದ ಹಳೆಯ ಕಂಪ್ಯೂಟರಿಗೆ.
ಪೆನ್‌ಡ್ರೈವ್ ಚುಚ್ಚುವ ತೂತಿಗೆ ಅಂಟುಪಟ್ಟಿ ಹಚ್ಚಿದವನೂ ನಾನೇ.
ಪೆನ್ಸಿಲ್ ಹಿಡಿದು
ತಮ್ಮದೇ ಅಂಕಿಗಳನ್ನು ನಕಲು ಮಾಡಿಕೊಳ್ಳುತ್ತಾರೆ,
ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗಿಯ ಹಾಗೆ,
ಆಗಾಗ ನನ್ನತ್ತ ನೋಡಿ.

ಮೊನ್ನೆ ಅದೇ ಪತ್ರಿಕೆಯಿಂದ ಅವರಿಗೊಂದು ಪತ್ರ.
ಹೊಸ ಲೇಖನ ಬಂದಿದೆ, ದಯವಿಟ್ಟು ಪರಿಶೀಲಿಸಿಕೊಡಿ,
ಮೂರು ವಾರದೊಳಗೆ. ಸಂಭಾವನೆಯ ಸುದ್ದಿಯಿಲ್ಲ.
"ಒಪ್ಪಿದಿರಾ?"
"ಮತ್ತೇನು! ಯಾರೋ ಚೆಂದ ಬರೆದಿದ್ದಾರೆ.
ಬೇರಿನ ಆಳ ಮಾತ್ರ ತಪ್ಪು.
ನನ್ನ ಕೋಷ್ಟಕ ನೋಡಿದ್ದರೆ ತಪ್ಪುತ್ತಿರಲಿಲ್ಲ."

ಪೆನ್ಸಿಲಿನ ಮೊನೆ ಮುರಿಯಿತು.
ನನ್ನ ಮೇಜಿನ ಮೆಂಡರ್ ಕೈಚಾಚಿ ಕೇಳಿದರು, ತಿರುಗಿಸುತ್ತ ಅಂದರು:
"ಪಾಪ, ಅವರಿಗೂ ಸಿಕ್ಕಿರಲಿಕ್ಕಿಲ್ಲ."