ಮಾದರಿ ತಲುಪಿಲ್ಲ

ಹಾಸನದ ಮಣ್ಣು ಪರೀಕ್ಷಾ ಕೇಂದ್ರದಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನದು ಒಂದೇ ಕೆಲಸ:
ಚೀಲ ಬಿಚ್ಚುವುದು, ಚೀಟಿ ಓದುವುದು,
ಹೆಂಟೆ ಒಡೆದು ನೆರಳಲ್ಲಿ ಹರಡುವುದು.
ಬಿಸಿಲಿಗೆ ಹಾಕಬಾರದು. ಬಿಸಿಲು
ಮಣ್ಣಿನ ಬಾಯಲ್ಲಿ ಸುಳ್ಳು ಹೇಳಿಸುತ್ತದೆ.

ಸಿಮೆಂಟು ಚೀಲ, ಗೊಬ್ಬರದ ಚೀಲ,
ಒಮ್ಮೆ ತಾಂಬೂಲದ ಚೀಲ, ಮೇಲೆ ವಧೂವರರ ಹೆಸರು,
ಒಳಗೆ ದುದ್ದದ ಕಡೆಯ ಆಲೂಗೆಡ್ಡೆ ಹೊಲ.
ಸರ್ವೆ ನಂಬರು ಸರಿ ಇರುತ್ತದೆ,
ಫೋನ್ ನಂಬರಿನಲ್ಲಿ ಒಂದಂಕಿ ಕಮ್ಮಿ.

ಮೊನ್ನೆ ಬಂದವರು ಜಿನಚಂದ್ರಯ್ಯ.
ಸಾಲಗಾಮೆ ರಸ್ತೆಯಲ್ಲಿ ದೊಡ್ಡ ಬಿಳಿ ಬೋಗುಣಿಗಳು
ಆಕಾಶಕ್ಕೆ ಬಾಯಿ ತೆರೆದು ಕೂತಿವೆಯಲ್ಲ,
ಅಲ್ಲಿ ಮೂವತ್ತು ವರ್ಷ ದುಡಿದವರು.
ಈಗ ನಿವೃತ್ತಿ. ಹಿತ್ತಲ ನಿಂಬೆಗಿಡ ಕಾಯಿ ಬಿಡದ ಚಿಂತೆ.
ಮಾತ್ರೆ ಡಬ್ಬಿಯಲ್ಲಿ ಎರಡು ಚಮಚ ಮಣ್ಣು ತಂದಿದ್ದರು.

"ಸಾಲದು ಸಾರ್, ಅರ್ಧ ಕೇಜಿ ಬೇಕು.
ಹತ್ತು ಕಡೆ ಗೇಣುದ್ದ ತೋಡಿ, ಕಲಸಿ,
ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಬಿಸಾಕಿ..."

ನಕ್ಕರು.
"ಮಂಗಳನ ಮೇಲೊಂದು ಬಂಡಿ ಇದೆ ಕಣಮ್ಮ,
ಇದಕ್ಕಿಂತ ಕಮ್ಮಿ ತೆಗೆದಿದೆ.
ಸೀಮೆಸುಣ್ಣದಷ್ಟು ಕಲ್ಲು, ಕೊಳವೆಗೆ ಒಂದೊಂದು.
ಬಿರಡೆ ಬಿಗಿದು, ನಂಬರು ಹಾಕಿ,
ಕೆಲವನ್ನು ನೆಲದ ಮೇಲೇ ಇಟ್ಟು ಮುಂದೆ ಹೋಗಿದೆ.
ತರುವವರಿಲ್ಲ."

"ಯಾಕೆ?"

"ಹೋಗೋಕೆ ದುಡ್ಡಿತ್ತು. ಬರೋಕೆ ಲೆಕ್ಕ ಹಾಕಿದರು.
ಲಕ್ಷ ಕೋಟಿ ಹತ್ತಿರ ಹೋಯಿತು.
ಈಗ ಕಡತ ಮೇಜಿಂದ ಮೇಜಿಗೆ ಸುತ್ತುತ್ತಿದೆ."

ಕಡತ ಅಂದರೆ ನನಗೆ ಗೊತ್ತು.
ರಸೀದಿ ಪುಸ್ತಕದ ಹಿಂದೆ ಸೊನ್ನೆ ಬರೆಯುತ್ತಾ ಹೋದೆ,
ಹನ್ನೆರಡು ಬೇಕು. ಒಂಬತ್ತಕ್ಕೆ ಪೆನ್ನು ಕೈಕೊಟ್ಟಿತು.

ನಮ್ಮ ಪಿಎಚ್ ಮೀಟರಿನ ಗಾಜಿನ ಬುರುಡೆ
ಬಿರುಕು ಬಿಟ್ಟು ಮೂರು ಯುಗಾದಿ ಕಳೆಯಿತು.
ಬೆಲೆ ಏಳು ಸಾವಿರ.
ಬೇಡಿಕೆ ಪತ್ರ ಹೋಯಿತು, ಜ್ಞಾಪನ ಪತ್ರ ಹೋಯಿತು,
ಜ್ಞಾಪನದ ಜ್ಞಾಪನವೂ ಹೋಯಿತು.

ಆ ದುಡ್ಡು ಇಲ್ಲಿಗೆ ಬಂದಿದ್ದರೆ
ಎಂಬ ಮಾತು ನಾಲಿಗೆ ತುದಿಯಲ್ಲಿತ್ತು.
ನುಂಗಿದೆ.
ಅಲ್ಲಿ ಉಳಿಸಿದ ದುಡ್ಡು ಯಾವತ್ತಾದರೂ
ಹಾಸನದ ಬಸ್ಸು ಹತ್ತಿದ್ದುಂಟೆ?

"ಮುಂದೇನು ಸಾರ್?"
"ಇನ್ನು ಚಿಕ್ಕವು ಹೋಗುತ್ತವೆ. ಬುತ್ತಿ ಡಬ್ಬಿಯಷ್ಟು,
ಹಿಂಡುಹಿಂಡಾಗಿ. ಅಲ್ಲೇ ಕೆರೆದು, ಅಲ್ಲೇ ಅರೆದು,
ಉತ್ತರ ಮಾತ್ರ ಕಳಿಸುವಂಥವು.
ಹತ್ತರಲ್ಲಿ ನಾಲ್ಕು ಬಿದ್ದು ಸತ್ತರೂ ಅಗ್ಗ."
"ಸತ್ತದ್ದಕ್ಕೆ ಹೆಸರಿರುತ್ತಾ?"
"ನಂಬರಿರುತ್ತೆ."

ಉತ್ತರ ಮಾತ್ರ.
ನನ್ನ ಬೀರುವಿನಲ್ಲಿ ಉತ್ತರಗಳೇ ಇವೆ, ಇನ್ನೂರಹದಿನಾರು:
ರಂಜಕ ಕಮ್ಮಿ, ಸತು ಇಲ್ಲ, ಸುಣ್ಣ ಕೊಡಿ.
ಒಯ್ಯಲು ಯಾರೂ ಬಂದಿಲ್ಲ.
ಆ ಕೊಳವೆಗಳ ಪಕ್ಕ ಇವನ್ನಿಟ್ಟರೆ
ಒಂದಕ್ಕೊಂದು ಏನು ಹೇಳಿಕೊಳ್ಳುತ್ತಿದ್ದವೋ.

ಆದರೂ ಆ ಬಂಡಿಯ ಬಗ್ಗೆ ಒಂದು ಒಪ್ಪಿಕೊಳ್ಳುತ್ತೇನೆ:
ಕೊಡುವವರು ಬರುತ್ತಾರೋ ಇಲ್ಲವೋ ಕೇಳದೆ
ಚೀಟಿ ಸರಿಯಾಗಿ ಅಂಟಿಸಿದೆ.
ನಮ್ಮ ಹೊಸ ಹುಡುಗ ಪರಮೇಶನಿಗೆ ಇನ್ನೂ ಬಂದಿಲ್ಲ ಅದು.

ಮೀಟರು ಮುಟ್ಟಲಿಲ್ಲ. ಎರಡು ಚಮಚ ಮಣ್ಣು,
ಎರಡರಷ್ಟು ನೀರು, ಅಲ್ಲಾಡಿಸಿ, ತಿಳಿಯಾಗಲು ಬಿಟ್ಟು,
ನೀಲಿ ಕಾಗದದ ತುದಿ ಅದ್ದಿದೆ.
ಬೋಗುಣಿಗಳ ಕಾಲದ ಮನುಷ್ಯ
ಉಸಿರು ಹಿಡಿದು ಬಗ್ಗಿ ನೋಡುತ್ತಿದ್ದರು.
ನಿಧಾನಕ್ಕೆ ಕೆಂಪಾಯಿತು. ಬಹಳವೇನಲ್ಲ.

"ಹುಳಿ ಮಣ್ಣು. ಬುಡಕ್ಕೆ ಒಂದು ಹಿಡಿ ಸುಣ್ಣ ಹಾಕಿ."
"ಎಷ್ಟಾಯಿತು?"
"ಸಾಗಣೆ ನಿಮ್ಮದೇ ಅಲ್ಲವಾ ಸಾರ್,
ಕಾಗದದ್ದು ಎರಡು ರೂಪಾಯಿ ಕೊಡಿ."

ಚಿಲ್ಲರೆ ಇರಲಿಲ್ಲ. ಐದು ಕೊಟ್ಟು ಹೊರಟರು.
ಡಬ್ಬಿ ಒಯ್ದರು, ಮುಚ್ಚಳ ಮರೆತರು.
ಅದರ ಮೇಲೆ ಔಷಧಿ ಅಂಗಡಿಯವನ ಅಕ್ಷರ:
ಊಟದ ನಂತರ.